ನಾಟ್ ಎಂಡ್ ಒಪ್ಪಂದ

೨೦೧೬ರ ಜೂನ್ ಇಪ್ಪತ್ಮೂರರ ಬೆಳಿಗ್ಗೆ ಏಳೂಕಾಲಿಗೆ ಇಂಗ್ಲೆಂಡಿನ ಕಡಲತೀರದ ಊರಾದ ಫ್ಲೀಟ್‌ವುಡ್ಡಿನ ಚರ್ಚ್ ಹಾಲಿನಲ್ಲಿ, ಯುರೋಪಿನ ಒಕ್ಕೂಟದ ಬಗ್ಗೆ ತನ್ನ ಅಭಿಪ್ರಾಯವನ್ನು ಎಲ್ಲರೆದುರು ತಿಳಿಸಿದ ಮೊದಲ ಮತದಾರ ಕ್ಲಿಫರ್ಡ್ ಥ್ರೆಲ್‌ಫಾಲ್‌ನ ನಾಯಿ.

ನಾಯಿಯನ್ನು ಒಳಗೆ ಕರೆತಂದದ್ದೇ ತಪ್ಪು. ನಮ್ಮೂರಲ್ಲಿ ವೋಟಿಗೆ ಹೋಗುವವರು ನಾಯಿಯನ್ನು ಹೊರಗಿನ ಕಂಬಿಗೆ ಕಟ್ಟಿ ಹೋಗುವುದು ರೂಢಿ. ಹಾಗೆ ಸಾಲಾಗಿ ಕೂತ ನಾಯಿಗಳ ಫೋಟೋ ಇಲ್ಲದೆ ಊರಿನ ವಾರಪತ್ರಿಕೆಗೆ ಚುನಾವಣೆ ಆದಂತೆಯೇ ಅಲ್ಲ. ಆದರೆ ಅವತ್ತು ತನ್ನ ನಾಯಿ ಯಾರ ಕಣ್ಣಿಗೂ ಬೀಳಬಾರದೆಂದು ಕ್ಲಿಫ್ ಅದನ್ನು ಕಾಲಿಗೆ ಒತ್ತಿಕೊಂಡೇ ಹಾಲಿನೊಳಗೆ ನಡೆದ. ಬೋಸನ್ ಎಂದು ಅದರ ಹೆಸರು. ಹಡಗಿನ ಮೇಸ್ತ್ರಿಯನ್ನು ಹಾಗೆ ಕರೆಯುತ್ತಾರೆ. ಗುಪ್ತ ಮತದಾನದಲ್ಲಿ ಬೋಸನ್‌ಗೆ ನಂಬಿಕೆ ಇರಲಿಲ್ಲ. ಪ್ಲೈವುಡ್ಡಿನ ಮರೆ ನಿಲ್ಲಿಸಿದ್ದರಲ್ಲ, ಅದರ ಕಾಲು ನೋಡಿ ತನ್ನ ಕಾಲೆತ್ತಿತು.

"ಥ್ರೆಲ್‌ಫಾಲ್, ಮನೆಗೆ ಎಷ್ಟು ವೋಟು ಅಂತ ಲೆಕ್ಕ ಇದೆ ನನ್ನ ಹತ್ರ. ಅದನ್ನ ಆಚೆ ಕಟ್ಟಿ ಬಾ," ಎಂದಳು ಮತಗಟ್ಟೆಯ ಅಧಿಕಾರಿಯಾಗಿ ಕೂತಿದ್ದ ಹೆಂಗಸು, ಮಾಪು ಹುಡುಕುತ್ತ.

"ಯಾವ ಕಡೆಗೆ ಹಾಕ್ತು ಕ್ಲಿಫ್?" ಎಂದು ಸಾಲಿನಲ್ಲಿದ್ದ ಒಬ್ಬ ಕೇಳಿದ.

"ಹರಿದಿರೋದು ನೋಡಿದ್ರೆ ಬಾಗಿಲ ಕಡೆಗೆ," ಎಂದ ಇನ್ನೊಬ್ಬ.

ಸಾಲಿಗೆ ಸಾಲೇ ನಕ್ಕಿತು. ಕ್ಲಿಫ್ ಕೆಂಪು ಸೀಗಡಿಯಂತಾಗಿ ಹೊರಗೆ ಹೋದ, ನಾಯಿಯನ್ನು ಕಂಬಿಗೆ ಬಿಗಿದ, ವಾಪಸು ಬಂದು ಸಾಲಿನ ಕೊನೆಯಲ್ಲಿ ನನ್ನ ಹಿಂದೆ ನಿಂತ. ಕರ್ನಾಟಕದಿಂದ ಬಂದು ಇಲ್ಲೇ ನೆಲೆಸಿದ ನಾನೂ ಅವನೂ ಗೋಡೆಗೆ ಗೋಡೆ ಅಂಟಿದ ಮನೆಗಳವರು. ಅವನು ಬೆಳಿಗ್ಗೆ ಕೆಮ್ಮಿದರೆ ನಮ್ಮ ಮನೆಯ ಬಟ್ಟಲು ಅಲ್ಲಾಡುತ್ತದೆ.

"ಐರೀನ್‌ಗೆ ಹೇಳ್ಬೇಡ ಕಣಮ್ಮ," ಎಂದ ಮೆಲ್ಲಗೆ.

"ನಾಯಿ ವಿಷಯಾನಾ?"

"ನನ್ನ ವಿಷಯ."

ಹೇಳಬಾರದ್ದು ಏನೆಂದು ನನಗೆ ಗೊತ್ತಿತ್ತು. ಕ್ಲಿಫ್ ಮತ್ತು ಅವನ ಹೆಂಡತಿ ಐರೀನ್ ನಲವತ್ತೊಂದು ವರ್ಷದಿಂದ ಯಾವ ಚುನಾವಣೆಯಲ್ಲೂ ವೋಟು ಹಾಕಿದವರಲ್ಲ. ಸೋಮಾರಿತನದಿಂದಲ್ಲ, ಒಪ್ಪಂದದಿಂದ.

ಒಕ್ಕೂಟದಲ್ಲಿ ಇರಬೇಕೋ ಬಿಡಬೇಕೋ ಎಂದು ಈ ದೇಶ ತನ್ನ ಜನರನ್ನು ಮೊದಲ ಸಲ ಕೇಳಿದ್ದು ೧೯೭೫ರ ಜೂನಿನಲ್ಲಿ. ಆಗ ಅವರ ಮದುವೆಯಾಗಿ ಮೂರು ವರ್ಷ, ಮಗಳು ಬೆವರ್ಲಿಗೆ ಒಂದು. ಕ್ಲಿಫ್ ಹದಿನೈದನೇ ವಯಸ್ಸಿಗೇ ಟ್ರಾಲರ್ ಹತ್ತಿ ಐಸ್‌ಲ್ಯಾಂಡಿನ ನೀರಿಗೆ ಮೀನಿಗೆ ಹೋದವನು. ಹೊರಗಿನವರ ಜೊತೆ ಸಮುದ್ರ ಹಂಚಿಕೊಳ್ಳುವ ಮಾತೇ ಅವನಿಗೆ ಆಗದು. ಐರೀನ್‌ಳ ಅಪ್ಪ ಯುದ್ಧದಿಂದ ಒಂದೇ ಕಾಲಿನಲ್ಲಿ ಮನೆಗೆ ಬಂದವನು. ಜಗಳ ಆಡುವುದಿದ್ದರೆ ಒಂದೇ ಮೇಜಿನ ಸುತ್ತ ಕೂತು ಆಡಲಿ ಎಂದು ಅವಳ ವಾದ. ಮೂರು ದಿನ ಒಂದೇ ಅಡುಗೆಮನೆಯಲ್ಲಿ ಎರಡು ಕೆಟಲ್ ಕುದಿದವು. ನಾಲ್ಕನೇ ದಿನ ಐರೀನ್ ಹೇಳಿದಳಂತೆ: "ನೀನು ಹಾಕಿದ್ದನ್ನ ನಾನು ಅಳಿಸ್ತೀನಿ, ನಾನು ಹಾಕಿದ್ದನ್ನ ನೀನು ಅಳಿಸ್ತೀಯ. ಇಷ್ಟಕ್ಕೆ ಇಬ್ರೂ ಬಟ್ಟೆ ಬದಲಾಯಿಸ್ಕೊಂಡು ಅಲ್ಲೀತನಕ ಯಾಕೆ ಹೋಗ್ಬೇಕು?"

ಇದು ಅವಳು ಕಂಡುಹಿಡಿದದ್ದೇನಲ್ಲ. ಲಂಡನ್ನಿನ ಪಾರ್ಲಿಮೆಂಟಿನಲ್ಲೇ ಈ ಪದ್ಧತಿ ಇದೆ. ಆ ಪಕ್ಷದವನೊಬ್ಬ, ಈ ಪಕ್ಷದವನೊಬ್ಬ ಜೋಡಿ ಮಾಡಿಕೊಂಡು, ಮತ ಹಾಕುವ ಹೊತ್ತಿಗೆ ಇಬ್ಬರೂ ಗೈರುಹಾಜರಾಗುತ್ತಾರೆ. ಬರೆದುಕೊಡುವುದಿಲ್ಲ, ಸಾಕ್ಷಿ ಇಲ್ಲ. ಮಾತು ಕೊಟ್ಟರೆ ಮುಗಿಯಿತು. ಗಂಡಹೆಂಡತಿ ಅದನ್ನೇ ಮನೆಗೆ ತಂದರು. ಅವತ್ತು ಮಗುವನ್ನು ಕಟ್ಟಿಕೊಂಡು ದೋಣಿ ಹತ್ತಿ, ವೈರ್ ನದಿಯ ಆಚೆ ದಡದ ನಾಟ್ ಎಂಡ್‌ಗೆ ಹೋದರು. ಹೆಸರು ಕೇಳಿದರೆ ಕೊನೆಯೇ ಇಲ್ಲವೆಂದು ಭರವಸೆ ಕೊಡುವ ಊರು. ನಡೆದರೆ ಹತ್ತು ನಿಮಿಷಕ್ಕೆ ಮುಗಿಯುತ್ತದೆ. ದಕ್ಕೆಯ ಪಕ್ಕದ ಅಂಗಡಿಯಲ್ಲಿ ಚಹಾ ಕುಡಿದು, ಬೆಣ್ಣೆ ಸವರಿದ ದ್ರಾಕ್ಷಿ ಬನ್ನು ತಿಂದು, ಮತದಾನ ಮುಗಿಸಿದವರಷ್ಟೇ ಗಂಭೀರವಾಗಿ ವಾಪಸು ಬಂದರು. ಅಲ್ಲಿಂದ ಮುಂದೆ ಪ್ರತಿ ಚುನಾವಣೆಗೂ ಎರಡು ಟಿಕೆಟ್, ಎರಡು ಬನ್ನು. ಎಷ್ಟು ಸರಕಾರಗಳು ಬಂದವು, ಬಿದ್ದವು. ಬನ್ನಿನ ದ್ರಾಕ್ಷಿ ಕಡಿಮೆಯಾದದ್ದು ಬಿಟ್ಟರೆ ಒಪ್ಪಂದದಲ್ಲಿ ಏನೂ ಬದಲಾಗಲಿಲ್ಲ.

ಮೊದಲ ಬನ್ನು ತಿಂದ ಮರುವರ್ಷ ಕ್ಲಿಫ್‌ನ ಸಮುದ್ರ ಮುಗಿಯಿತು. ಐಸ್‌ಲ್ಯಾಂಡ್ ತನ್ನ ಸುತ್ತ ಇನ್ನೂರು ಮೈಲಿ ಗೆರೆ ಎಳೆದು ನಮ್ಮ ದೋಣಿಗಳನ್ನು ಹೊರಗೆ ಹಾಕಿತು. ಕಾಡ್ ಮೀನಿಗಾಗಿ ನಡೆದ ಜಗಳವಾದ್ದರಿಂದ ಅದನ್ನು ಕಾಡ್ ಯುದ್ಧ ಎಂದೇ ಕರೆದರು. ಕಾಡಿಗೂ ಅದಕ್ಕೂ ಸಂಬಂಧವಿಲ್ಲ, ಆದರೆ ಅದು ಅವನನ್ನು ಜೀವಮಾನವಿಡೀ ಕಾಡಿತು. ಟ್ರಾಲರುಗಳು ಗುಜರಿಗೆ ಹೋದವು. ಇಪ್ಪತ್ತೊಂಬತ್ತು ವರ್ಷದ ಮೀನುಗಾರ ಕಾರ್ಖಾನೆಯೊಂದರ ಗೇಟು ಕಾಯುವವನಾದ. ಮೀನು ಕಸಿದ ಐಸ್‌ಲ್ಯಾಂಡ್ ಒಕ್ಕೂಟದಲ್ಲಿ ಇರಲೇ ಇಲ್ಲ, ಇವತ್ತಿಗೂ ಇಲ್ಲ. ಇದನ್ನು ಐರೀನ್ ಅವನಿಗೆ ನೂರು ಸಲ ಹೇಳಿದ್ದಾಳೆ. ಸಿಟ್ಟಿಗೂ ಒಂದು ವಿಳಾಸ ಬೇಕಲ್ಲ. ಐಸ್‌ಲ್ಯಾಂಡ್ ದೂರ, ಒಕ್ಕೂಟದ ಕಚೇರಿಗಳಿರುವ ಬ್ರಸೆಲ್ಸ್ ದಿನಾ ಪೇಪರಿನಲ್ಲಿ ಬರುತ್ತಿತ್ತು. ಮನೆಯಲ್ಲಿ ಕೂತು ಅವನು ಬಲೆಯ ಕಿತ್ತಳೆ ಹುರಿಯಿಂದ ಚೀಲ, ನೆಲಹಾಸು, ನಾಯಿಯ ಹಗ್ಗ ಹೆಣೆಯುತ್ತಿದ್ದ. ಹಗ್ಗದ ತುದಿಗೆ ಅವನು ಹಾಕುವ ಎರಡೆಳೆಯ ಉಬ್ಬು ಗಂಟನ್ನು ಊರಲ್ಲಿ ಇನ್ನೊಬ್ಬರು ಹಾಕಲಾರರು. ಅದನ್ನು ಕಲಿಸಿದ ಹಳೆಯ ನಾವಿಕ ಸತ್ತೇ ಎಷ್ಟೋ ಕಾಲವಾಗಿತ್ತು.

ವಿಧಿಯ ಕುಚೋದ್ಯ ನೋಡಿ, ಮಗಳು ಮದುವೆಯಾದದ್ದು ಸ್ಪೇನಿನ ವೀಗೋ ಬಂದರಿನ ಮೀನುಗಾರರ ಮಗನನ್ನು. ನಮ್ಮ ಕಡಲಿನ ಏಡಿ, ಸೀಗಡಿಗಳನ್ನು ಸ್ಪೇನಿಗೆ ಕಳಿಸುವ, ನಮ್ಮೂರಿನದೇ ಒಂದು ಶೆಡ್ಡಿನಲ್ಲಿ ಅವನು ಮೇಲ್ವಿಚಾರಕ. ಹೆಸರು ಶೊಸೆ. ಅಳಿಯನೇ ಶೊಸೆಯಾಗಿ ಸಿಕ್ಕಿದ ಮಾವ ಕನ್ನಡದ ಕಿವಿಗೆ ಇವನೊಬ್ಬನೇ ಇರಬೇಕು. ಇಬ್ಬರಿಗೂ ಮೀನಿನ ವಿಷಯದಲ್ಲಿ ಬಿಟ್ಟರೆ ಜಗಳವಿರಲಿಲ್ಲ. ಬೆವರ್ಲಿ, ಶೊಸೆಯರ ಮಗಳು ಉಷಿಯಾ. ಬೀದಿಯ ಕೊನೆಯ ಮನೆ ಅವರದು. ಶಾಲೆ ಬಿಟ್ಟೊಡನೆ ಉಷಿಯಾ ಅಜ್ಜನ ಹತ್ತಿರ ಗಂಟು ಕಲಿಯಲು ಬರುವಳು. ಐರೀನ್‌ಗೆ ಈ ಜಗತ್ತಿನಿಂದ ಬೇಕಾಗಿದ್ದದ್ದು ಒಂದೇ, ಬೀದಿಯ ಕೊನೆಯ ಆ ಮನೆಯ ದೀಪ ಅಲ್ಲೇ ಇರಬೇಕು. ಅದನ್ನು ಅವಳು ಬಾಯಿಬಿಟ್ಟೇ ಹೇಳುತ್ತಿದ್ದಳು.

ಇಷ್ಟಿದ್ದೂ ಆ ಬೆಳಿಗ್ಗೆ ಕ್ಲಿಫ್ ಯಾಕೆ ಹೋದ? "ನಿನ್ನ ವೋಟು ನಿನ್ನ ಹೆಂಡ್ತಿ ಪರ್ಸಲ್ಲಿದೆಯಂತೆ, ಕೇಳಿ ಇಸ್ಕೋ," ಎಂದು ಕ್ಲಬ್ಬಿನ ಹಳೇ ಮೀನುಗಾರರು ವಾರವಿಡೀ ಕಿಚಾಯಿಸಿದ್ದರು. ಬಿಡುವ ಕಡೆ ಗೆಲ್ಲುತ್ತದೆಂದು ಅವರಲ್ಲಿ ಯಾರೂ ನಂಬಿರಲಿಲ್ಲ. "ಒಂದೇ ಒಂದ್ಸಲ ಒಂದು ಗೀಟು ಹಾಕಿ ಬರೋಣ ಅಂತ ಅಷ್ಟೇ," ಎಂದು ಸಾಲಿನಲ್ಲಿ ಅವನೇ ನನಗೆ ಹೇಳಿದ. ಮತಗಟ್ಟೆಯಲ್ಲಿ ಕೊಡುವ ಪೆನ್ಸಿಲಿನಲ್ಲಿ ಹಾಕಿದ್ದನ್ನು ಅಳಿಸಿಬಿಡುತ್ತಾರೆಂಬ ವದಂತಿಗೆ ಹೆದರಿ ಮನೆಯಿಂದಲೇ ಪೆನ್ನು ತಂದಿದ್ದ. ನಲವತ್ತು ವರ್ಷ ತಾನೇ ತನ್ನ ವೋಟನ್ನು ಅಳಿಸಿಕೊಂಡವನಿಗೆ ಅವತ್ತು ರಬ್ಬರಿನ ಭಯ.

ಎಂಟು ಗಂಟೆಗೆ ನಾಯಿ ಅಡ್ಡಾಡಿಸಿ ಬಂದವನಂತೆ ಮನೆಗೆ ಬಂದ. ಹತ್ತಕ್ಕೆ ಇಬ್ಬರೂ ದೋಣಿ ಹತ್ತಿದರು. ನಾಟ್ ಎಂಡಿನಲ್ಲಿ ಚಹಾ, ಬನ್ನು. ಅವತ್ತು ಅವನು ತನ್ನ ಬನ್ನಿನ ದ್ರಾಕ್ಷಿಗಳನ್ನೆಲ್ಲ ಆರಿಸಿ ಅವಳ ತಟ್ಟೆಗೆ ಹಾಕಿದನಂತೆ. "ಏನಿದು ಇವತ್ತು ಇಷ್ಟು ಪ್ರೀತಿ," ಎಂದು ಅವಳು ನಕ್ಕಳಂತೆ.

ಮಾರನೇ ಬೆಳಿಗ್ಗೆ ಬಿಡುವವರು ಗೆದ್ದಿದ್ದರು. ಕ್ಲಿಫ್‌ನ ಮನೆಯ ಟಿವಿಯ ಎದುರು ಶೊಸೆ ಕೆಲಸಕ್ಕೆ ಹೋಗುವ ಬೂಟು ಹಾಕಿಕೊಂಡು ಸುಮ್ಮನೆ ಕೂತಿದ್ದ. ಶೆಡ್ಡಿನ ಹುಡುಗರು ಆಗಲೇ ಫೋನಿನಲ್ಲಿ, ಸೂಟ್‌ಕೇಸ್ ಬೇಕಿದ್ದರೆ ಹೇಳು ಎಂದು ತಮಾಷೆ ಮಾಡಿದ್ದರು. ಹಾಲು ಕೇಳಲು ಹೋದ ನಾನು ಬಾಗಿಲಲ್ಲೇ ನಿಂತೆ. ಐರೀನ್ ಅಳಿಯನ ಬೆನ್ನ ಮೇಲೆ ಕೈಯಿಟ್ಟು ಹೇಳುತ್ತಿದ್ದಳು: "ಊರು ಏನಾದ್ರೂ ಮಾಡ್ಲಿ ಮಗಾ. ಈ ಮನೆಯಿಂದ ನಿನ್ನ ವಿರುದ್ಧ ಒಂದು ವೋಟೂ ಬಿದ್ದಿಲ್ಲ. ಅದೊಂದು ನನಗೆ ಗೊತ್ತು."

ಕ್ಲಿಫ್ ಕಿಟಕಿಯ ಹೊರಗೆ ನೋಡುತ್ತಿದ್ದ. ಹೊರಗೆ ಏನೂ ಇರಲಿಲ್ಲ, ಕಸದ ಡಬ್ಬಿ ಇತ್ತು.

ಬುಧವಾರ ವಾರಪತ್ರಿಕೆ ಬಂತು. ಆರನೇ ಪುಟದಲ್ಲಿ ನಾಯಿಗಳ ಫೋಟೋ. ಎರಡು ಲ್ಯಾಬ್ರಡಾರ್, ಒಂದು ಮುದಿ ಪೂಡಲ್, ತುದಿಯಲ್ಲಿ ಅರ್ಧ ಮುಖ ತಿರುಗಿಸಿದ ಒಂದು ಕಂದು ನಾಯಿ. ಕಂದು ನಾಯಿ ಊರಲ್ಲಿ ಇನ್ನೂರು ಇರಬಹುದು. ಐರೀನ್ ಅಡುಗೆಮನೆಯ ಮೇಜಿನ ಮೇಲೆ ಪತ್ರಿಕೆ ಹರಡಿ, ಹೊಲಿಗೆಯ ಭೂತಗನ್ನಡಿ ಹಿಡಿದು ನೋಡಿದ್ದು ನಾಯಿಯನ್ನಲ್ಲವಂತೆ, ಹಗ್ಗವನ್ನು. ಅವಳ ಕೂಗಾಟ ಕೇಳಿಸುತ್ತದೆಂದು ನಾನು ಗೋಡೆಯ ಈಚೆ ಉಸಿರು ಹಿಡಿದಿದ್ದೆ. ಕೂಗಾಟ ಕೇಳಿಸಲಿಲ್ಲ. ಕೇಳಿಸಿದ್ದು ಇಷ್ಟು.

"ಇದು ನಿನ್ನ ಗಂಟು."

"ಹೂಂ."

"ಎಷ್ಟೊತ್ತಿಗೆ ಹೋಗಿದ್ದೆ?"

"ಏಳಕ್ಕೆ."

"ಅಂದ್ರೆ ದ್ರಾಕ್ಷಿ ಆರಿಸಿ ಕೊಡೋವಾಗ ಆಗ್ಲೇ ಹಾಕಿ ಬಂದಿದ್ದೆ."

ಕುರ್ಚಿ ಸರಿದ ಸದ್ದು. ಮತ್ತೆ ಅವಳದೇ ದನಿ.

"ನನ್ನ ವೋಟು ನಿನ್ನ ಹತ್ರ ಇತ್ತು ಕ್ಲಿಫ್. ನಿನ್ನದು ನನ್ನ ಹತ್ರ ಇತ್ತು. ನಾನು ಅದನ್ನ ಇಟ್ಕೊಂಡು ಸುಮ್ನೆ ಕೂತಿದ್ದೆ. ನೀನು ಎರಡನ್ನೂ ಹಾಕಿ ಬಂದೆ."

ನಮ್ಮ ಕಡೆ ಮದುವೆಗೆ ಮೂರು ಗಂಟು ಹಾಕುತ್ತಾರೆ. ಇವರದು ಉಂಗುರದ ಮದುವೆ, ಗಂಟಿಲ್ಲ. ಬಿಚ್ಚಿಹೋಗಲು ಮಾತ್ರ ಒಂದು ಗಂಟು ಸಾಕಾಯಿತು. ಅವತ್ತು ಸಂಜೆ ಐರೀನ್ ತನ್ನ ದಿಂಬನ್ನು ಹಿಂದಿನ ಕೋಣೆಗೆ ಒಯ್ದಳು. ಆಮೇಲೆ ಅವಳ ಬಾಯಲ್ಲಿ ಆ ಮಾತು ಬರಲಿಲ್ಲ. ಅವನಿಗೆ ಅಡುಗೆ ಮಾಡಿದಳು, ಅವನ ಅಂಗಿಗೆ ಇಸ್ತ್ರಿ ಹಾಕಿದಳು, ಚಹಾಕ್ಕೆ ಸಕ್ಕರೆ ಎಷ್ಟು ಎಂದು ನಲವತ್ನಾಲ್ಕು ವರ್ಷ ಜೊತೆಗೆ ಬಾಳಿದ ಗಂಡನನ್ನು ಅತಿಥಿಯಂತೆ ಕೇಳಿದಳು. ಬೈದಿದ್ದರೆ ಅವನು ತಿರುಗಿ ಬೈದು ಹಗುರಾಗುತ್ತಿದ್ದ. ಆ ಅವಕಾಶವನ್ನು ಅವಳು ಕೊಡಲಿಲ್ಲ.

ದೇಶ ನಿಜವಾಗಿ ಬಿಡಲು ನಾಲ್ಕೂವರೆ ವರ್ಷ ತೆಗೆದುಕೊಂಡಿತು. ಬಿಟ್ಟ ತಿಂಗಳಲ್ಲೇ ಶೊಸೆಯ ಶೆಡ್ಡಿನ ಲಾರಿಗಳು ಕಾಗದಪತ್ರಕ್ಕಾಗಿ ಬಂದರಿನಲ್ಲಿ ನಿಂತವು. ಏಡಿಗೆ ಕಾಗದ ಓದಲು ಬರುವುದಿಲ್ಲ, ಕಾಯಲೂ ಬರುವುದಿಲ್ಲ, ಸತ್ತವು. ವರ್ಷ ತುಂಬುವಷ್ಟರಲ್ಲಿ ಶೆಡ್ಡಿಗೆ ಬೀಗ ಬಿತ್ತು. ವೀಗೋದಿಂದ ಶೊಸೆಯ ಅಣ್ಣ, ಇಲ್ಲಿ ಕೆಲಸ ಇದೆ ಬಾ ಎಂದ. ಹೊರಡುವ ದಿನ ಉಷಿಯಾ ಅಜ್ಜನ ಕುತ್ತಿಗೆಗೆ ಜೋತುಬಿದ್ದು, "ನೀನೂ ಬಾ ಅಜ್ಜ, ಅಲ್ಲೂ ಸಮುದ್ರ ಇದೆ," ಎಂದಳು.

"ಅವರ ಸಮುದ್ರ ಅದು ಪುಟ್ಟಿ," ಎಂದ ಕ್ಲಿಫ್.

ಬೀದಿಯ ಕೊನೆಯ ಮನೆಯ ದೀಪ ಆರಿತು. ಐರೀನ್ ಒಂದು ಮಾತೂ ಆಡದೆ ಆ ಮನೆಯ ನೆಲ ಒರೆಸಿ, ಕೀಲಿಯನ್ನು ಮಾಲೀಕರಿಗೆ ಕೊಟ್ಟು ಬಂದಳು.

ಮುಂದಿನ ವಸಂತದಲ್ಲಿ ಅವಳು ವೀಗೋಗೆ ಹೊರಟಳು. ಬಿಟ್ಟವರಿಗೆ ಒಕ್ಕೂಟದಲ್ಲಿ ಈಗ ಒಂದು ನಿಯಮ. ನೂರೆಂಬತ್ತು ದಿನದಲ್ಲಿ ತೊಂಬತ್ತು ದಿನ ಮಾತ್ರ ಅಲ್ಲಿ ಇರಬಹುದು, ಆಮೇಲೆ ಜಾಗ ಖಾಲಿ ಮಾಡಬೇಕು. ಐರೀನ್ ತೊಂಬತ್ತು ದಿನ ಪೂರ್ತಿ ಇದ್ದು ಬಂದಳು. ಇಲ್ಲಿ ತೊಂಬತ್ತು ದಿನ ಕಳೆದು ಮತ್ತೆ ಹೋದಳು. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಇಲ್ಲಿ ಕಳೆದ ಪ್ರತಿ ದಿನಕ್ಕೂ ಪೆನ್ಸಿಲಿನಿಂದ ಒಂದು ಕತ್ತರಿಗೀಟು ಹಾಕುತ್ತಿದ್ದಳು, ವೋಟಿನ ಚೀಟಿಯಲ್ಲಿ ಹಾಕುತ್ತಾರಲ್ಲ, ಅಂಥದ್ದೇ. ಕ್ಲಿಫ್ ಆ ಗೀಟುಗಳ ಕೆಳಗೆ ಕೂತು ತಿಂಡಿ ತಿನ್ನುತ್ತಿದ್ದ.

"ಒಂದು ವಿಚಿತ್ರ ನೋಡು ಕಣಮ್ಮ," ಎಂದ ನನ್ನ ಹತ್ತಿರ ಒಮ್ಮೆ, ದೋಣಿಯ ದಕ್ಕೆಯ ಬಳಿ. "ನಾವು ಒಕ್ಕೂಟ ಬಿಡದೇ ಇದ್ದಿದ್ರೆ ಅವಳು ಅಲ್ಲೇ ಇದ್ದುಬಿಡ್ತಿದ್ಲು. ನಾನು ಹಾಕಿದ ವೋಟೇ ಅವಳನ್ನ ಮೂರು ತಿಂಗಳಿಗೊಂದ್ಸಲ ಮನೆಗೆ ಓಡಿಸ್ಕೊಂಡು ಬರ್ತಿದೆ."

"ಬಿಡದೇ ಇದ್ದಿದ್ರೆ ಅವಳು ಯಾಕೆ ಹೋಗ್ತಿದ್ಲು ಕ್ಲಿಫ್?"

"ಅದೂ ಹೌದು," ಎಂದ.

ಬೋಸನ್ ಸತ್ತದ್ದು ಐರೀನ್ ಅಲ್ಲಿದ್ದ ತೊಂಬತ್ತು ದಿನಗಳಲ್ಲಿ. ಕಿತ್ತಳೆ ಹಗ್ಗ ಬಾಗಿಲ ಹಿಂದಿನ ಮೊಳೆಯಲ್ಲೇ ಉಳಿಯಿತು. ಮರುವರ್ಷದ ಚುನಾವಣೆಗೆ ಅವಳು ಊರಲ್ಲಿದ್ದಳು. ಬೆಳಿಗ್ಗೆಯೇ ಕೋಟು ಹಾಕಿಕೊಂಡು ಹೋಗಿ ಬಂದು, "ನಾನು ವೋಟ್ ಹಾಕ್ಬಂದೆ. ನೀನು ಬೇಕಾದ್ರೆ ಹೋಗು," ಎಂದಳಂತೆ. ಅವನು ಹೋಗಲಿಲ್ಲ. ಒಬ್ಬನೇ ದೋಣಿಯಲ್ಲಿ ನಾಟ್ ಎಂಡ್‌ಗೆ ಹೋಗಿ, ಎರಡು ಬನ್ನು ತರಿಸಿ, ಒಂದನ್ನು ಕಾಗದದಲ್ಲಿ ಸುತ್ತಿ ಮನೆಗೆ ತಂದ. ಅದು ಮೂರು ದಿನ ಅಡುಗೆಮನೆಯ ಕಟ್ಟೆಯ ಮೇಲೆ ಇತ್ತು. ಆಮೇಲೆ ಹಕ್ಕಿಗಳು ತಿಂದವು.

ಈ ವರ್ಷ ಫೆಬ್ರವರಿಯಲ್ಲಿ ವೀಗೋಗೆ ಹೊರಡುವ ಮುನ್ನ ಐರೀನ್ ನನ್ನನ್ನು ಕರೆದು ಒಂದು ಲಕೋಟೆ ತೋರಿಸಿದಳು. ಮಗಳು ಅಳಿಯನ ಆಸರೆಯಲ್ಲಿ ಅಲ್ಲೇ ಕಾಯಂ ಉಳಿಯಲು ಅರ್ಜಿ. ಎಲ್ಲ ತುಂಬಿತ್ತು, ಸಹಿಯ ಜಾಗ ಖಾಲಿ.

"ಇದಾದ್ರೆ ತೊಂಬತ್ತು ದಿನದ ಓಡಾಟ ಮುಗೀತು," ಎಂದಳು.

"ಮತ್ತೆ ಕ್ಲಿಫ್?"

"ಎಪ್ಪತ್ತೈದಾಯ್ತು ಕಣೆ ನನಗೆ. ದೇಶ ಬಿಟ್ಟದ್ದಕ್ಕೆ ನನಗೆ ಸಿಟ್ಟಿಲ್ಲ, ಅವನೊಬ್ಬನ ವೋಟಿಂದ ದೇಶ ಬಿಡಲಿಲ್ಲ. ಅವನು ಒಂದ್ಸಲ, ಒಂದೇ ಒಂದ್ಸಲ, ‘ಅವತ್ತು ನಾನು ವೋಟಿಗೆ ಹೋಗ್ಬಾರ್ದಿತ್ತು’ ಅಂತ ಬಾಯಿಬಿಟ್ಟು ಹೇಳ್ಲಿ. ಇದನ್ನ ಅವತ್ತೇ ಹರಿದು ಒಲೆಗೆ ಹಾಕ್ತೀನಿ. ಒಂಬತ್ತು ವರ್ಷ ಆಯ್ತು. ಹೇಳಿಲ್ಲ."

"ನೀವೇ ಕೇಳಿ."

"ಕೇಳಿ ಹೇಳಿಸ್ಕೊಂಡ್ರೆ ಅದು ನನ್ನ ಮಾತಾಗುತ್ತೆ."

ಅವಳು ಹೋದ ಮೇಲೆ ನಾನು ಕ್ಲಿಫ್‌ಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟೆ, ಲಕೋಟೆಯ ಸಮೇತ. ಒಮ್ಮೆ ಬಾಯಿ ಮುಚ್ಚಿಕೊಂಡು ನೋಡಿದ್ದಾಗಿತ್ತು. ಅವನು ಬಹಳ ಹೊತ್ತು ಹುರಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಚ್ಚಿದ. "ಗೊತ್ತು," ಎಂದ ಕೊನೆಗೆ. "ಆ ಮಾತು ನನ್ನ ಹತ್ರ ಇದೆ. ದೋಣೀಲಿ ಹೋಗೋವಾಗ ಎಷ್ಟೋ ಸಲ ಜೋರಾಗೇ ಹೇಳಿದೀನಿ, ಎಂಜಿನ್ ಶಬ್ದದಲ್ಲಿ. ಮನೇಗೆ ಬಂದ್ರೆ ಗಂಟಲಲ್ಲಿ ಮುಳ್ಳು ಸಿಕ್ಕಿದ ಹಾಗೆ ಆಗುತ್ತೆ. ಈ ಸಲ ಹೇಳ್ತೀನಿ. ಹೇಳೇ ಹೇಳ್ತೀನಿ."

ಈಸ್ಟರ್ ಮುಗಿದ ಮೇಲಿನ ಭಾನುವಾರ ಮಧ್ಯಾಹ್ನ ಉಷಿಯಾ ವೀಡಿಯೋ ಕರೆ ಮಾಡುವುದೆಂದು ಗೊತ್ತಾಗಿತ್ತು. ಹದಿನಾರರ ಹುಡುಗಿ ಈಗ. ಅಜ್ಜ ಅಜ್ಜಿಯರ ಬದುಕಿನ ಒಂದು ದಿನದ ಬಗ್ಗೆ ಅವರನ್ನೇ ಕೇಳಿ ಬರೆದು ತರಲು ಶಾಲೆಯಲ್ಲಿ ಹೇಳಿದ್ದರಂತೆ. ಕ್ಲಿಫ್‌ನ ಬೆರಳಿಗೆ ಫೋನು ಒಗ್ಗದು, ಹಾಗಾಗಿ ಹಿಡಿದುಕೊಳ್ಳಲು ನನ್ನನ್ನು ಕರೆದ. ಗಡ್ಡ ಹೆರೆದುಕೊಂಡು, ಮದುವೆಗೆ ಹೋಗುವವನಂತೆ ಟೈ ಕಟ್ಟಿ ಕೂತಿದ್ದ. ಟೈ ಗಂಟು ಮಾತ್ರ ಸೊಟ್ಟ.

ಪರದೆಯ ಮೇಲೆ ಉಷಿಯಾ ಬಂದಳು. ಅವಳ ಹಿಂದೆ ವೀಗೋದ ಅಡುಗೆಮನೆ, ಕಿಟಕಿ, ಕಿಟಕಿಯ ಕೆಳಗೆ ಬೆನ್ನು ಹಾಕಿ ಆಲೂಗಡ್ಡೆ ಹೆರೆಯುತ್ತಿದ್ದ ಐರೀನ್. ಅವಳ ಪಕ್ಕದಲ್ಲಿ ಕಂದು ಲಕೋಟೆಯ ಮೂಲೆ ಕಾಣುತ್ತಿತ್ತು.

"ಅಜ್ಜ, ನಾನು ಆ ವೋಟಿನ ದಿನ ಆರಿಸ್ಕೊಂಡಿದೀನಿ. ಪರವಾಗಿಲ್ವಾ?"

"ಕೇಳು ಪುಟ್ಟಿ, ಕೇಳು."

ಅವನು ಎಲ್ಲ ಹೇಳಿದ. ದೋಣಿ, ಒಪ್ಪಂದ, ಕ್ಲಬ್ಬು, ಪೆನ್ನು. ಬೋಸನ್ ಕಾಲೆತ್ತಿದ್ದಕ್ಕೆ ಉಷಿಯಾ ಬಿದ್ದು ಬಿದ್ದು ನಕ್ಕಳು. ವಾರಪತ್ರಿಕೆಯ ಫೋಟೋದ ತನಕ ಬಂದು ಅವನು ನಿಂತ. ಹಿಂದೆ ಐರೀನ್‌ಳ ಚಾಕುವೂ ನಿಂತಿತು. ಅವಳು ತಿರುಗಲಿಲ್ಲ, ಒಂದು ಕೈಯಲ್ಲಿ ಆಲೂಗಡ್ಡೆ ಹಿಡಿದು ಹಾಗೇ ಇದ್ದಳು.

ಉಷಿಯಾ ತನ್ನ ಹಾಳೆ ನೋಡಿಕೊಂಡಳು. "ಇದು ಕೊನೇ ಪ್ರಶ್ನೆ. ಆ ಬೆಳಿಗ್ಗೆ ಇನ್ನೊಂದ್ಸಲ ವಾಪಸ್ ಬಂದ್ರೆ, ಏನನ್ನ ಬೇರೆ ಥರ ಮಾಡ್ತೀಯ ಅಜ್ಜ?"

ಕ್ಲಿಫ್ ಬಾಯಿ ತೆರೆದ. ಟೈ ಸಡಿಲಿಸಿದ. ಬಾಗಿಲ ಹಿಂದಿನ ಮೊಳೆಯನ್ನು ಒಮ್ಮೆ ನೋಡಿದ.

"ನಾಯಿನ ಮನೇಲಿ ಬಿಟ್ಟು ಹೋಗ್ತಿದ್ದೆ," ಎಂದ.